ಅಧಿಕಾರ ಯಾರದು, ಮಾತು ಯಾರದು?

ನಮ್ಮ ಬಿ.ಕಾಂ. ಎರಡನೆಯ ವರ್ಷದ ಮ್ಯಾನೇಜ್‌ಮೆಂಟ್ ಪಠ್ಯದಲ್ಲಿ ಪವರ್, ಅಥಾರಿಟಿ ಎಂಬ ಎರಡು ಶಬ್ದಗಳು ಅಕ್ಕಪಕ್ಕದಲ್ಲೇ ಬರುತ್ತವೆ. ಎರಡಕ್ಕೂ ಇರುವ ವ್ಯತ್ಯಾಸ ಬರೆಯಿರಿ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಆಗಾಗ ಬೀಳುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಹೈದರಾಬಾದಿಗೆ ಬಂದ ನನ್ನಂಥವರಿಗೆ ಒಂದು ಚಾಳಿ ಇದೆ. ಇಂಗ್ಲಿಷ್ ಶಬ್ದ ತಲೆಗೆ ಹತ್ತದಿದ್ದರೆ ಅದನ್ನು ಕನ್ನಡಕ್ಕೆ ತಂದು ನೋಡುತ್ತೇವೆ. ಹಾಗೆ ನೋಡಿದರೆ ಎರಡಕ್ಕೂ ಬಂದದ್ದು ಅಧಿಕಾರ ಎಂಬ ಒಂದೇ ಶಬ್ದ. ಪಕ್ಷ ಅಧಿಕಾರಕ್ಕೆ ಬರುತ್ತದೆ, ತಹಸೀಲ್ದಾರರಿಗೆ ಅಧಿಕಾರ ಇರುತ್ತದೆ, ಸಿಟ್ಟು ಬಂದಾಗ ‘ಕೇಳೋಕೆ ನಿನಗೇನು ಅಧಿಕಾರ?’ ಅಂತೇವೆ. ಎಲ್ಲಕ್ಕೂ ಅದೊಂದೇ.

ಆದರೆ ಪುಸ್ತಕ ಮುಚ್ಚಿ ಆಡುಮಾತಿಗೆ ಬಂದರೆ ಕನ್ನಡದಲ್ಲೂ ಇವೆರಡು ಬೇರೆಯಾಗಿಯೇ ಇವೆ. ನಮ್ಮ ಬೀದರ, ಕಲಬುರಗಿ ಕಡೆ ‘ಅವರ ಮಾತು ನಡೀತದ’ ಅಂತಾರೆ. ಮಹಿಳಾ ಮೀಸಲಾತಿ ಬಂದ ಎಷ್ಟೋ ಪಂಚಾಯತಿಗಳಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಹೆಂಡತಿ ಕೂತಿರುತ್ತಾಳೆ, ಸಹಿಯೂ ಆಕೆಯದೇ. ಮಾತು ನಡೆಯುವುದು ಮಾತ್ರ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ ಗಂಡನದು. ಅಧಿಕಾರ ಆಕೆಗೆ ಸೇರಿದ್ದು, ನಡೆಯುವ ಮಾತು ಆತನದು. ನನ್ನ ಮಟ್ಟಿಗೆ ಅಥಾರಿಟಿಗೂ ಪವರಿಗೂ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ. ಆದ್ದರಿಂದ ಈ ಲೇಖನದಲ್ಲಿ ಅಥಾರಿಟಿಗೆ ಅಧಿಕಾರ ಎಂದೂ ಪವರಿಗೆ ನಡೆಯುವ ಮಾತು ಎಂದೂ ಬರೆಯುತ್ತೇನೆ. ಪಾರಿಭಾಷಿಕ ಪದಕೋಶದವರು ಕ್ಷಮಿಸಬೇಕು.

ಜನ ಒಬ್ಬನ ಅಧಿಕಾರವನ್ನು ನ್ಯಾಯವೆಂದು ಒಪ್ಪಿಕೊಳ್ಳುವುದು ಯಾಕೆ? ಈ ಪ್ರಶ್ನೆಗೆ ಎಲ್ಲ ಪಠ್ಯಪುಸ್ತಕಗಳೂ ಜರ್ಮನಿಯ ಮ್ಯಾಕ್ಸ್ ವೇಬರನ ಹತ್ತಿರ ಹೋಗುತ್ತವೆ. ೧೯೨೦ರಲ್ಲಿ ತೀರಿಹೋದ ಈತ ಮೂರು ಕಾರಣ ಹೇಳಿದ್ದಾನೆ. ಹಿಂದಿನಿಂದ ಹಾಗೇ ನಡೆದುಬಂದಿದೆ ಎಂಬುದು ಒಂದು. ಆ ವ್ಯಕ್ತಿಯಲ್ಲೇ ಏನೋ ವಿಶೇಷವಿದೆ ಎಂಬ ನಂಬಿಕೆ ಎರಡನೆಯದು. ಕಾಯ್ದೆ, ನಿಯಮಗಳ ಪ್ರಕಾರ ಅವನು ಆ ಹುದ್ದೆಗೆ ಬಂದಿದ್ದಾನೆ ಎಂಬುದು ಮೂರನೆಯದು. ಮೊದಲನೆಯದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಿಜಾಮರ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಕಂದಾಯಕ್ಕೆ ಮಾಲಿ ಪಾಟೀಲ, ಬಂದೋಬಸ್ತಿಗೆ ಪೊಲೀಸ್ ಪಾಟೀಲ, ಲೆಕ್ಕಕ್ಕೆ ಪಟವಾರಿ ಇರುತ್ತಿದ್ದರು, ತಂದೆಯಿಂದ ಮಗನಿಗೆ. ೧೯೬೧ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಆ ವಂಶಪಾರಂಪರ್ಯದ ಅಧಿಕಾರ ತೆಗೆಯಿತು. ಹೆಸರುಗಳು ಅಡ್ಡಹೆಸರಾಗಿ ಉಳಿದವು. ಕೆಲವು ಊರುಗಳಲ್ಲಿ ಮಾತೂ ಉಳಿಯಿತು.

ವೇಬರನಿಗಿಂತ ನನಗೆ ಹೆಚ್ಚು ಹಿಡಿಸಿದವನು ಚೆಸ್ಟರ್ ಬರ್ನಾರ್ಡ್. ಇವನು ಪ್ರೊಫೆಸರ್ ಅಲ್ಲ, ಅಮೆರಿಕದ ನ್ಯೂಜೆರ್ಸಿಯ ಟೆಲಿಫೋನ್ ಕಂಪನಿಯ ಅಧ್ಯಕ್ಷನಾಗಿದ್ದವನು. ೧೯೩೮ರಲ್ಲಿ ಬರೆದ ತನ್ನ ಪುಸ್ತಕದಲ್ಲಿ ವಿಚಿತ್ರವಾದೊಂದು ಮಾತು ಹೇಳುತ್ತಾನೆ: ಅಧಿಕಾರ ಇರುವುದು ಆಜ್ಞೆ ಕೊಡುವವನಲ್ಲಿ ಅಲ್ಲ, ಅದನ್ನು ಕೇಳುವವನಲ್ಲಿ. ಕೇಳುವವನು ಒಪ್ಪಿದರೆ ಅದು ಆಜ್ಞೆ, ಒಪ್ಪದಿದ್ದರೆ ಬರೀ ಸದ್ದು. ಹಾಗಾದರೆ ಆಫೀಸುಗಳು ಒಂದು ದಿನವಾದರೂ ನಡೆಯುವುದು ಹೇಗೆ? ಅದಕ್ಕೂ ಅವನಲ್ಲಿ ಉತ್ತರವಿದೆ. ಪ್ರತಿಯೊಬ್ಬ ನೌಕರನ ಮನಸ್ಸಿನಲ್ಲಿ ಒಂದು ವಲಯ ಇರುತ್ತದಂತೆ. ಅದರೊಳಗೆ ಬೀಳುವ ಆಜ್ಞೆಯನ್ನು ಅವನು ಸರಿಯೋ ತಪ್ಪೋ ಅಂತ ತೂಗುವುದೇ ಇಲ್ಲ, ಸುಮ್ಮನೆ ಮಾಡಿಬಿಡುತ್ತಾನೆ. ಈ ಉದಾಸೀನದ ವಲಯಕ್ಕೆ ನಮ್ಮ ಕಡೆಯ ಕಚೇರಿಗಳಲ್ಲಿ ಎರಡೇ ಶಬ್ದದ ಹೆಸರಿದೆ: ‘ಸಾಹೇಬ್ರು ಹೇಳ್ಯಾರ.’ ಆ ಫೈಲು ಅಲ್ಲಿಗ್ಯಾಕೆ ಹೋಯ್ತು? ಸಾಹೇಬ್ರು ಹೇಳ್ಯಾರ. ಈ ಬಿಲ್ಲಿಗೆ ಹಿಂದಿನ ತಾರೀಖು ಯಾಕೆ? ಸಾಹೇಬ್ರು ಹೇಳ್ಯಾರ. ಅಲ್ಲಿಗೆ ಮಾತು ಮುಗಿಯಿತು.

ಆ ವಲಯ ದಿನದಿನಕ್ಕೆ ಒಂದೊಂದು ಗೇಣು ಅಗಲವಾಗುತ್ತಾ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಈ ಹೈದರಾಬಾದಿನದೇ ದೊಡ್ಡ ಉದಾಹರಣೆ ಇದೆ. ನಾವೆಲ್ಲ ಚಿಕ್ಕವರಿದ್ದಾಗ ನಡೆದ ಸತ್ಯಂ ಕಂಪ್ಯೂಟರ್ಸ್ ಪ್ರಕರಣ ಅದು. ಕಾಮರ್ಸಿನವರು ಇದನ್ನು ಆಡಿಟ್ ಪಾಠದಲ್ಲಿ ಓದುತ್ತೇವೆ. ನನಗೆ ಅದು ಲೆಕ್ಕದ ಕಥೆಗಿಂತ ಹೆಚ್ಚಾಗಿ ಅಧಿಕಾರದ ಕಥೆಯಾಗಿ ಕಾಣುತ್ತದೆ.

ಬಿ. ರಾಮಲಿಂಗ ರಾಜು ೧೯೮೭ರಲ್ಲಿ ಕಟ್ಟಿದ ಕಂಪನಿ ಇದು. ೨೦೦೮ರ ಹೊತ್ತಿಗೆ ಸುಮಾರು ಐವತ್ತು ಸಾವಿರ ನೌಕರರು. ನ್ಯೂಯಾರ್ಕಿನ ಷೇರುಪೇಟೆಯಲ್ಲೂ ಅದರ ವಹಿವಾಟು ಇತ್ತು. ಆ ವರ್ಷ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಎಂಬ ಪ್ರಶಸ್ತಿ ಕೂಡ ಬಂತು (ಆಮೇಲೆ ವಾಪಸು ತೆಗೆದುಕೊಂಡರು). ಇಲ್ಲಿ ಒಂದು ಅಂಕಿ ಗಮನಿಸಬೇಕು. ಇಷ್ಟು ದೊಡ್ಡ ಕಂಪನಿಯಲ್ಲಿ ರಾಜು ಕುಟುಂಬದ ಷೇರು ಆ ಹೊತ್ತಿಗೆ ನೂರಕ್ಕೆ ಒಂಬತ್ತೂ ಇರಲಿಲ್ಲ. ಉಳಿದ ತೊಂಬತ್ತೊಂದಕ್ಕೂ ಮಿಕ್ಕಿ ಪಾಲು ಬೇರೆಯವರದು. ಷೇರಿನ ಲೆಕ್ಕದಲ್ಲಿ ನೋಡಿದರೆ ಅವರು ಹೆಚ್ಚುಕಡಿಮೆ ಬೇರೆಯವರ ಹಣ ನೋಡಿಕೊಳ್ಳುವ ಕಾರಭಾರಿ. ಆದರೂ ಅವರ ಮಾತು ಮನೆಯ ಯಜಮಾನನ ಮಾತಿನ ಹಾಗೆ ನಡೆಯುತ್ತಿತ್ತು.

ಯಾಕೆ ನಡೆಯುತ್ತಿತ್ತು ಅಂದರೆ ವೇಬರನ ಎರಡನೆಯ ಕಾರಣಕ್ಕೆ ಬರಬೇಕು, ವರ್ಚಸ್ಸು. ಆ ವರ್ಚಸ್ಸು ಪೂರಾ ಸುಳ್ಳಿನಿಂದ ಬಂದದ್ದಲ್ಲ. ೧೦೮ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದಲ್ಲ, ಅದನ್ನು ೨೦೦೫ರಲ್ಲಿ ಇದೇ ಊರಿನಲ್ಲಿ ಶುರು ಮಾಡಿದ ಸಂಸ್ಥೆಯನ್ನು ಕಟ್ಟಿದವರೂ ರಾಜು ಅವರೇ. ೨೦೦೮ರ ನವೆಂಬರಿನಲ್ಲಿ ಕರ್ನಾಟಕದಲ್ಲಿ ‘ಆರೋಗ್ಯ ಕವಚ’ ಎಂದು ಶುರುವಾದದ್ದೂ ಆ ಸಂಸ್ಥೆಯ ಮೂಲಕವೇ. ಅದರಿಂದ ಜೀವ ಉಳಿದವರು ನಿಜವಾಗಿಯೂ ಉಳಿದಿದ್ದಾರೆ. ಇಂಥ ಮನುಷ್ಯನ ಮುಂದೆ ಕೂತು ‘ಬ್ಯಾಂಕಿನಲ್ಲಿರುವ ಹಣದ ಕಾಗದ ತೋರಿಸಿ’ ಅಂತ ಕೇಳುವುದು ಹೇಗೆ? ಕೇಳಿದವನೇ ಸಣ್ಣವನಾಗುತ್ತಾನೆ. ಒಳ್ಳೆಯ ಕೆಲಸವೂ ಕೆಲವು ಸಲ ಪ್ರಶ್ನೆಗೆ ಅಡ್ಡಗೋಡೆಯಾಗುತ್ತದೆ ಎನ್ನುವುದನ್ನು ನಮ್ಮ ಪಠ್ಯ ಎಲ್ಲೂ ಹೇಳುವುದಿಲ್ಲ. ನಾಯಕನ ಗುಣಗಳು ಅಂತ ಹತ್ತು ಹನ್ನೆರಡು ಪಾಯಿಂಟು ಮಾತ್ರ ಕೊಡುತ್ತದೆ, ಪ್ರಾಮಾಣಿಕತೆ, ದೂರದೃಷ್ಟಿ ಇತ್ಯಾದಿ. ಅವನ್ನು ಬಾಯಿಪಾಠ ಮಾಡಿ ಬರೆಯುತ್ತೇವೆ.

೨೦೦೮ರ ಡಿಸೆಂಬರ್ ೧೬ರಂದು ಸತ್ಯಂನ ನಿರ್ದೇಶಕ ಮಂಡಳಿ ಸೇರಿತು. ಮೇಟಾಸ್ ಎಂಬ ಹೆಸರಿನ ಎರಡು ಕಂಪನಿಗಳನ್ನು ಸುಮಾರು ೧೬೦ ಕೋಟಿ ಡಾಲರಿಗೆ ಕೊಳ್ಳುವ ಪ್ರಸ್ತಾವ ಮುಂದಿತ್ತು. ಮೇಟಾಸ್ ಅಂದರೆ ಸತ್ಯಂ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಬರೆದದ್ದು. ಒಂದು ರಿಯಲ್ ಎಸ್ಟೇಟ್ ಕಂಪನಿ, ಇನ್ನೊಂದು ರಸ್ತೆ ಕಟ್ಟಡಗಳದ್ದು. ಎರಡೂ ರಾಜು ಕುಟುಂಬದ್ದೇ. ಸಾಫ್ಟ್‌ವೇರ್ ಕಂಪನಿಯ ಹಣದಿಂದ ಸಾಹೇಬರ ಮನೆಯವರ ಕಂಪನಿ ಕೊಳ್ಳುವುದು, ವಿಷಯ ಇಷ್ಟೇ. ಮಂಡಳಿಯಲ್ಲಿ ಇದ್ದವರೇನು ಸಾಮಾನ್ಯರೇ? ಹಾರ್ವರ್ಡಿನ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕರು, ಇಲ್ಲಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ಸಿನ ಡೀನ್, ಪೆಂಟಿಯಂ ಚಿಪ್ಪಿನಿಂದ ಹೆಸರಾದ ತಂತ್ರಜ್ಞರು, ಕೇಂದ್ರ ಸರ್ಕಾರದ ಮಾಜಿ ಸಂಪುಟ ಕಾರ್ಯದರ್ಶಿ. ಬೇಡ ಎನ್ನುವ ಅಧಿಕಾರ ಪ್ರತಿಯೊಬ್ಬರಿಗೂ ಕಾಯ್ದೆಯಲ್ಲೇ ಇತ್ತು. ಮಂಡಳಿ ಆಗಲಿ ಎಂದಿತು.

ಬೇಡ ಎಂದವರು ಹೊರಗಿನವರು. ಸುದ್ದಿ ಹೊರಬಿದ್ದ ಕೂಡಲೇ ಷೇರುದಾರರು ಗದ್ದಲ ಎಬ್ಬಿಸಿದರು, ನ್ಯೂಯಾರ್ಕಿನಲ್ಲಿ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಒಂದು ದಿನ ಕಳೆಯುವುದರೊಳಗೆ ತೀರ್ಮಾನ ವಾಪಸಾಯಿತು. ತಿಂಗಳ ಕೊನೆಯೊಳಗೆ ನಾಲ್ವರು ಸ್ವತಂತ್ರ ನಿರ್ದೇಶಕರು ರಾಜೀನಾಮೆ ಕೊಟ್ಟರು.

೨೦೦೯ರ ಜನವರಿ ೭ರಂದು ರಾಜು ಮಂಡಳಿಗೆ ಪತ್ರ ಬರೆದರು. ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಬಾಕಿ ೫,೩೬೧ ಕೋಟಿ ರೂಪಾಯಿಯಲ್ಲಿ ೫,೦೪೦ ಕೋಟಿ ಇಲ್ಲವೇ ಇಲ್ಲ! ಬಾರದ ಬಡ್ಡಿ, ಮುಚ್ಚಿಟ್ಟ ಸಾಲ, ಉಬ್ಬಿಸಿದ ಬಾಕಿವಸೂಲಿ ಎಲ್ಲ ಸೇರಿದರೆ ೭,೧೩೬ ಕೋಟಿ. ಹಿಂದಿನ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ೬೪೯ ಕೋಟಿ ಲಾಭ ಎಂದು ತೋರಿಸಿದ್ದರು, ನಿಜವಾಗಿ ಇದ್ದದ್ದು ೬೧ ಕೋಟಿ. ಹಿಂದಿನ ದಿನ ೧೭೯ ರೂಪಾಯಿ ಇದ್ದ ಷೇರು ಆ ದಿನ ೪೦ ರೂಪಾಯಿಗೆ ಬಂತು. ಪತ್ರದಲ್ಲಿ ಅವರು ತಮ್ಮ ಸ್ಥಿತಿಯನ್ನು ಹುಲಿ ಸವಾರಿಗೆ ಹೋಲಿಸಿದ್ದು ಪೇಪರುಗಳಲ್ಲೆಲ್ಲ ಬಂತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ಇದೆ. ಮೊದಲಿಗೆ ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ಇದ್ದ ಅಂತರ ಬಹಳ ಚಿಕ್ಕದು, ವರ್ಷ ವರ್ಷ ಅದು ಬೆಳೆಯಿತು ಎನ್ನುತ್ತಾರೆ. ಮೇಟಾಸ್ ವ್ಯವಹಾರ ಆ ಖಾಲಿಯನ್ನು ನಿಜವಾದ ಆಸ್ತಿಯಿಂದ ತುಂಬುವ ಕೊನೆಯ ಪ್ರಯತ್ನವಾಗಿತ್ತಂತೆ.

ಈಗ ಬರ್ನಾರ್ಡನ ವಲಯ ನೆನಪು ಮಾಡಿಕೊಳ್ಳಿ. ಒಬ್ಬನೇ ಮನುಷ್ಯ ಕೂತು ಐದು ಸಾವಿರ ಕೋಟಿಯನ್ನು ಹುಟ್ಟಿಸಲಾರ. ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ ೨೦೧೧ರಲ್ಲಿ ಹೇಳಿದಂತೆ ಆರು ಸಾವಿರಕ್ಕೂ ಹೆಚ್ಚು ಸುಳ್ಳು ಇನ್‌ವಾಯ್ಸುಗಳು ತಯಾರಾಗಿದ್ದವು. ಕಂಪ್ಯೂಟರಿನಲ್ಲಿ ‘ಸೂಪರ್ ಯೂಸರ್’ ಎಂಬ ವಿಶೇಷ ಪ್ರವೇಶ ಇತ್ತು. ಅದರಿಂದ ಒಳಗೆ ಹೋಗಿ ಹಾಕಿದ ಇನ್‌ವಾಯ್ಸು ಲೆಕ್ಕಕ್ಕೆ ಸೇರುತ್ತಿತ್ತು, ಆಯಾ ವಿಭಾಗದ ಮುಖ್ಯಸ್ಥನಿಗೆ ಮಾತ್ರ ಕಾಣುತ್ತಿರಲಿಲ್ಲ. ಯಾರೋ ಅದನ್ನು ಟೈಪ್ ಮಾಡಿದ್ದಾರೆ, ಯಾರೋ ಒಟ್ಟು ಹಾಕಿದ್ದಾರೆ, ಯಾರೋ ಬ್ಯಾಂಕಿನ ಠೇವಣಿ ರಸೀದಿ ತಂದಿಟ್ಟಿದ್ದಾರೆ.

೨೦೧೫ರ ಏಪ್ರಿಲ್ ೯ರಂದು ಹೈದರಾಬಾದಿನ ವಿಶೇಷ ಸಿ.ಬಿ.ಐ. ನ್ಯಾಯಾಲಯ ಹತ್ತು ಜನರಿಗೆ ಏಳು ಏಳು ವರ್ಷ ಶಿಕ್ಷೆ ವಿಧಿಸಿತು. (ಮುಂದಿನ ತಿಂಗಳು ಮೇಲ್ಮನವಿಯಲ್ಲಿ ರಾಜು ಮತ್ತು ಇತರರ ಶಿಕ್ಷೆ ಅಮಾನತಾಗಿ ಜಾಮೀನು ಸಿಕ್ಕಿತು.) ಆ ಹತ್ತು ಜನ ಯಾರೆಂದು ನೋಡಿದರೆ ರಾಜು ಸೇರಿ ಮೂವರು ಅಣ್ಣತಮ್ಮಂದಿರು, ಹಣಕಾಸಿನ ಮುಖ್ಯಾಧಿಕಾರಿ, ಹೊರಗಿನ ಇಬ್ಬರು ಆಡಿಟರುಗಳು, ಒಳಗಿನ ಆಡಿಟ್ ಮುಖ್ಯಸ್ಥ. ಉಳಿದ ಮೂವರು ಫೈನಾನ್ಸ್ ವಿಭಾಗದ ನೌಕರರು. ನಮ್ಮಂಥ ಕಾಮರ್ಸ್ ಪದವೀಧರರು ಸೇರುವ ವಿಭಾಗ ಅದೇ. ಸಾಹೇಬರಿಗೆ ಎಷ್ಟು ವರ್ಷವೋ ಅವರಿಗೂ ಅಷ್ಟೇ ವರ್ಷ. ಸಾಹೇಬ್ರು ಹೇಳ್ಯಾರ ಎನ್ನುವ ಮಾತು ಆಫೀಸಿನಲ್ಲಿ ನಡೆದಷ್ಟು ಕೋರ್ಟಿನಲ್ಲಿ ನಡೆಯುವುದಿಲ್ಲ.

ಹಾಗಾದರೆ ಅಷ್ಟು ಜನರಲ್ಲಿ ಧೈರ್ಯವಂತರೇ ಇರಲಿಲ್ಲವೇ, ಎಲ್ಲರೂ ನೀತಿಗೆಟ್ಟವರೇ ಎಂದು ಕೇಳಬಹುದು. ನಾನು ಹಾಗೆ ತಿಳಿಯುವುದಿಲ್ಲ. ಇದಕ್ಕೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ೧೯೬೧ರಲ್ಲಿ ಶುರು ಮಾಡಿದ ಪ್ರಯೋಗಗಳನ್ನು ನೋಡಬೇಕು. ಊರಿನ ಸಾಮಾನ್ಯ ಜನರನ್ನು ಕರೆಸಿ ಪಕ್ಕದ ಕೋಣೆಯಲ್ಲಿರುವವನು ಉತ್ತರ ತಪ್ಪಿದಾಗಲೆಲ್ಲ ಒಂದು ಸ್ವಿಚ್ ಒತ್ತಿ ಕರೆಂಟ್ ಕೊಡಬೇಕು ಎಂದು ಹೇಳಿದರು. ೧೫ ವೋಲ್ಟಿನಿಂದ ಶುರು, ಹದಿನೈದು ಹದಿನೈದೇ ಏರಿಸುತ್ತಾ ೪೫೦ರವರೆಗೆ. ನಿಜದಲ್ಲಿ ಕರೆಂಟೂ ಇರಲಿಲ್ಲ, ಆಚೆಯವನದು ನಟನೆ. ಒತ್ತುವವನಿಗೆ ಅದು ಗೊತ್ತಿರಲಿಲ್ಲ. ಪಕ್ಕದಲ್ಲಿ ಬೂದು ಕೋಟು ಹಾಕಿಕೊಂಡ ಒಬ್ಬ ನಿಂತು, ಮುಂದುವರಿಸಿ ಅಂತ ಶಾಂತವಾಗಿ ಹೇಳುತ್ತಿದ್ದ, ಅಷ್ಟೇ. ೧೯೬೩ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ೪೦ ಜನರಲ್ಲಿ ೨೬ ಮಂದಿ ಕೊನೆಯ ಸ್ವಿಚ್ಚಿನವರೆಗೂ ಹೋದರು. ಬೆವರುತ್ತಾ, ನಡುಗುತ್ತಾ, ನಿಲ್ಲಿಸೋಣ ಅನ್ನುತ್ತಾ ಹೋದರು.

ಎಲ್ಲರೂ ಹೇಳುವುದು ಇಲ್ಲಿಗೆ ನಿಲ್ಲುತ್ತದೆ. ಮಿಲ್‌ಗ್ರಾಮ್ ಮಾತ್ರ ನಿಲ್ಲಿಸಲಿಲ್ಲ. ಕೋಟಿನವನು ಕೋಣೆಯಿಂದ ಹೊರಗೆ ಹೋಗಿ ಫೋನಿನಲ್ಲಿ ಹೇಳಿದಾಗ ಕೊನೆಯವರೆಗೆ ಹೋದವರು ಐದರಲ್ಲಿ ಒಬ್ಬರಷ್ಟಕ್ಕೆ ಇಳಿದರು. ಕೆಲವರು ಫೋನಿನಲ್ಲಿ ಹೂಂ ಎಂದು ಹೇಳಿ ಸಣ್ಣ ಸ್ವಿಚ್ಚನ್ನೇ ಒತ್ತಿದರು! ಇನ್ನೊಂದು ಸಲ ಒತ್ತುವವನ ಜೊತೆಗೆ ಇನ್ನಿಬ್ಬರನ್ನು ಕೂರಿಸಿದರು. ಅವರು ಪ್ರಯೋಗದವರ ಕಡೆಯವರೇ, ನಡುವೆ ಒಬ್ಬೊಬ್ಬರಾಗಿ ‘ನನ್ನ ಕೈಲಿ ಆಗಲ್ಲ’ ಎಂದು ಎದ್ದುಹೋಗಬೇಕು. ಆಗ ೪೦ ಜನರಲ್ಲಿ ಕೊನೆಯವರೆಗೆ ಹೋದವರು ನಾಲ್ವರೇ. ಜನ ಅದೇ ಥರದವರು, ಸ್ವಿಚ್ಚೂ ಅದೇ, ಕೋಟೂ ಅದೇ. ಬೇಡ ಅಂತ ಒಂದು ದನಿ ಮೊದಲು ಬಂದದ್ದಷ್ಟೇ ವ್ಯತ್ಯಾಸ.

ಆದ್ದರಿಂದ ಸಂಸ್ಥೆಯ ನೀತಿಯನ್ನು ನಾಯಕನ ಸ್ವಭಾವದಲ್ಲಿ ಹುಡುಕುವುದು ನನಗೆ ಅಷ್ಟು ಸರಿಯೆನಿಸುವುದಿಲ್ಲ. ಕೆಳಗಿನವನು ಒಲ್ಲೆ ಎಂದು ಹೇಳಿಯೂ ನಾಳೆ ಅದೇ ಕುರ್ಚಿಗೆ ಬಂದು ಕೂರಬಹುದೇ ಎಂಬುದನ್ನು ನೋಡಬೇಕು. ಸತ್ಯಂನಲ್ಲಿ ೨೦೦೮ರ ಡಿಸೆಂಬರಿನಲ್ಲಿ ಮಂಡಳಿಯ ಒಬ್ಬ ಸದಸ್ಯರಿಗೆ ಹೆಸರಿಲ್ಲದವರ ಇ-ಮೇಲ್ ಒಂದು ಬಂದಿತ್ತು, ಒಳಗಿನ ವಿಷಯ ಬಲ್ಲವರು ಬರೆದದ್ದು. ಬರೆದವರಿಗೆ ತಮ್ಮ ಹೆಸರು ಹಾಕುವ ಧೈರ್ಯ ಆಗಲಿಲ್ಲ ಎಂಬುದೇ ಆ ಸಂಸ್ಥೆಯ ಬಗ್ಗೆ ಬೇಕಾದಷ್ಟು ಹೇಳುತ್ತದೆ.

ಮುಂದಿನದು ನಮ್ಮ ಕಾಯ್ದೆಯ ಭಾಗ, ಬೇಗ ಮುಗಿಸುತ್ತೇನೆ. ಕೇಂದ್ರ ಸರ್ಕಾರ ಹಳೆಯ ಮಂಡಳಿಯನ್ನು ತೆಗೆದು ೨೦೦೯ರ ಜನವರಿ ೧೧ರಂದು ಕಿರಣ್ ಕಾರ್ಣಿಕ್, ದೀಪಕ್ ಪಾರೇಖ್, ಸಿ. ಅಚ್ಯುತನ್ ಅವರನ್ನು ನೇಮಿಸಿತು, ಆಮೇಲೆ ಇನ್ನೂ ಮೂವರನ್ನು. ಕಂಪನಿ ಕಟ್ಟಿದ ವರ್ಚಸ್ಸು ಇವರಿಗಿರಲಿಲ್ಲ, ಸರ್ಕಾರದ ಆದೇಶವೇ ಬಲ. ವೇಬರನ ಮೂರನೆಯ ಕಾರಣ ಎಂದರೆ ಇದೇ. ಆದರೂ ಅವರ ಮಾತು ನಡೆಯಿತು. ಸಂಬಳ ನಿಲ್ಲಲಿಲ್ಲ, ಮೂರು ತಿಂಗಳಲ್ಲಿ ಬಹಿರಂಗ ಹರಾಜಿನ ಮೂಲಕ ಕಂಪನಿ ಟೆಕ್ ಮಹೀಂದ್ರಾ ಕೈಗೆ ಹೋಯಿತು, ೨೦೧೩ರಲ್ಲಿ ಅದರಲ್ಲೇ ವಿಲೀನವಾಯಿತು. ಅದೇ ವರ್ಷದ ಕಂಪನಿ ಕಾಯ್ದೆಯಲ್ಲಿ ಷೇರುಪೇಟೆಯಲ್ಲಿರುವ ಕಂಪನಿಗಳ ಮಂಡಳಿಯಲ್ಲಿ ಮೂರರಲ್ಲಿ ಒಂದು ಪಾಲು ಸ್ವತಂತ್ರ ನಿರ್ದೇಶಕರಿರಬೇಕು, ಆಡಿಟರುಗಳು ಅವಧಿ ಮುಗಿದ ಮೇಲೆ ಬದಲಾಗಬೇಕು, ನೌಕರರು ದೂರು ಹೇಳಲು ರಕ್ಷಣೆಯಿರುವ ದಾರಿ ಇರಬೇಕು ಎಂದೆಲ್ಲ ಬಂತು. ನಮ್ಮ ಲೆಕ್ಚರರು ಇವನ್ನು ಸತ್ಯಂ ಪಾಠದ ಫಲ ಎಂದು ಕಲಿಸುತ್ತಾರೆ. ನನಗೆ ಅರ್ಧ ಸಮಾಧಾನ. ಡಿಸೆಂಬರ್ ೧೬ರ ಆ ಸಭೆಯಲ್ಲೂ ಸ್ವತಂತ್ರ ನಿರ್ದೇಶಕರು ಇದ್ದರಲ್ಲ? ಕಾಯ್ದೆ ಕುರ್ಚಿ ಕೊಟ್ಟಿತ್ತು. ಮಾತು ಅವರೇ ಆಡಬೇಕಿತ್ತು. ಮೂರನೆಯದು, ಅಂದರೆ ದೂರಿನ ದಾರಿ, ಅದರ ಮೇಲೆ ನನಗೆ ಹೆಚ್ಚು ಭರವಸೆ.

ಇದು ದೊಡ್ಡವರ ವಿಷಯ, ನಮಗೇಕೆ ಎನ್ನಬೇಡಿ. ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಖಜಾಂಚಿ ಲೆಕ್ಕ ಓದುವಾಗ ಎಲ್ಲರ ಕಣ್ಣು ಉಪ್ಪಿಟ್ಟಿನ ಪಾತ್ರೆಯ ಮೇಲೆ ಇರುತ್ತದೆ. ಅನುಮೋದಿಸಲಾಯಿತು ಅಂತ ನಡಾವಳಿ ಪುಸ್ತಕದಲ್ಲಿ ಮೊದಲೇ ಬರೆದಿರುತ್ತಾರೆ. ನಮ್ಮ ಖಜಾಂಚಿ ಪ್ರಾಮಾಣಿಕ, ಅದು ಬೇರೆ ಮಾತು. ಅವನು ಪ್ರಾಮಾಣಿಕ ಅನ್ನುವುದು ಕೂಡ ನಾವು ಲೆಕ್ಕ ನೋಡಿ ತಿಳಿದದ್ದಲ್ಲ.

ನಾನು ಸಂಜೆ ಹೊತ್ತು ಒಂದು ಆಡಿಟ್ ಆಫೀಸಿನಲ್ಲಿ ವೋಚರುಗಳಿಗೆ ಟಿಕ್ ಹಾಕುವ ಕೆಲಸ ಮಾಡುತ್ತೇನೆ. ಅಲ್ಲಿ ಸೀನಿಯರ್‌ಗಳು ಹೇಳಿಕೊಡುವ ಮೊದಲ ಪಾಠ, ‘ಲಾಸ್ಟ್ ಇಯರ್ ಫೈಲ್ ನೋಡು, ಅದೇ ಥರ ಹಾಕು.’ ಮಾಲಿ ಪಾಟೀಲನ ಅಧಿಕಾರ ಹೋಗಿ ಅರವತ್ತು ವರ್ಷವಾಯಿತು, ಹೋದ ವರ್ಷದ ಫೈಲಿನ ಅಧಿಕಾರ ಹಾಗೇ ಇದೆ. ಸತ್ಯಂನ ಆಡಿಟರುಗಳ ಮೇಲೆ ಅಮೆರಿಕದ ಆಯೋಗ ಹೊರಿಸಿದ ದೋಷಗಳಲ್ಲಿ ಮುಖ್ಯವಾದದ್ದು ಬಹಳ ಸಣ್ಣ ಕೆಲಸಕ್ಕೆ ಸಂಬಂಧಿಸಿದ್ದು. ಬ್ಯಾಂಕಿನಲ್ಲಿ ಇಷ್ಟು ಹಣವಿದೆಯೇ ಎಂದು ಕೇಳುವ ಪತ್ರವನ್ನು ಕಳಿಸುವುದು, ಉತ್ತರ ತರಿಸುವುದು, ಎರಡನ್ನೂ ಅವರು ಸತ್ಯಂ ಕಂಪನಿಯ ಕೈಗೇ ಬಿಟ್ಟಿದ್ದರು. ಯಾರ ಲೆಕ್ಕ ಪರೀಕ್ಷೆ ಮಾಡಬೇಕೋ ಅವರ ಕೈಗೇ!

ಎಸ್.ಎ. ೫೦೫ ಎಂಬ ಲೆಕ್ಕ ಪರಿಶೋಧನೆಯ ಮಾನದಂಡದ ಪ್ರಕಾರ ಈ ದೃಢೀಕರಣ ಪತ್ರ ಮೊದಲಿಂದ ಕೊನೆಯವರೆಗೆ ಆಡಿಟರನ ಹತೋಟಿಯಲ್ಲೇ ಇರಬೇಕು. ಯಾರಿಗೆ ಬರೆಯಬೇಕು ಎಂದು ತೀರ್ಮಾನಿಸುವವನೂ ಅವನೇ, ಕಳಿಸುವವನೂ ಅವನೇ, ಉತ್ತರ ನೇರವಾಗಿ ಅವನ ವಿಳಾಸಕ್ಕೇ ಬರಬೇಕು. ‘ಕೊಡಿ, ನಮ್ಮ ಹುಡುಗ ಬ್ಯಾಂಕಿಗೆ ಹೋಗ್ತಾ ಇದಾನೆ, ಮುಟ್ಟಿಸ್ತಾನೆ’ ಎಂದು ಕಂಪನಿಯ ಅಕೌಂಟೆಂಟು ನಗುತ್ತಾ ಕೈ ಚಾಚಿದರೆ ಕೊಡಕೂಡದು. ಆಡಿಟ್ ಆಫೀಸುಗಳಲ್ಲಿ ಆ ಲಕೋಟೆ ಇರುವುದು ಸಾಮಾನ್ಯವಾಗಿ ಎಲ್ಲರಿಗಿಂತ ಕಿರಿಯವನ ಕೈಯಲ್ಲಿ.